ದವಾಖಾನೆಯ ಚೀಟಿ ಮತ್ತು ಹದಿಹರೆಯದವರ ಗುಟ್ಟು

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆ ದವಾಖಾನೆಯ ಚೀಟಿಗೆ ಮೂರು ಭಾಷೆಗಳ ನಂಟುಂಟು. ವೈದ್ಯರು ಬರೆಯುವುದು ಇಂಗ್ಲಿಷಿನಲ್ಲಿ, ನರ್ಸಮ್ಮ ತಿಳಿಸುವುದು ತೆಲುಗಿನಲ್ಲಿ, ಕನ್ನಡದ ಮನೆಗಳಲ್ಲಿ ಅದರ ಮಾತು ನಡೆಯುವುದು ಕನ್ನಡದಲ್ಲಿ. ಓದಲು ಬಾರದ ತಂದೆತಾಯಿಗಳು ಅದನ್ನು ಔಷಧದಂಗಡಿಯವನಿಗೋ ಶಾಲೆಯ ಮಾಸ್ತರರಿಗೋ ತೋರಿಸುತ್ತಾರೆ; ಇಲ್ಲವೆ ಕಾಯಿಲೆ ಬಿದ್ದ ಮಗುವೇ ಓದಿ ಹೇಳುತ್ತದೆ. ಹೀಗಾಗಿ ಹದಿಹರೆಯದವರ ರೋಗದ ದಾಖಲೆಯನ್ನು ಯಾರು ನೋಡತಕ್ಕದ್ದೆಂಬ ಪ್ರಶ್ನೆ ವಕೀಲರದು ಮಾತ್ರವಲ್ಲ, ಉಪಾಧ್ಯಾಯರಾದ ನಮ್ಮದೂ ಆಗಿದೆ.

ಕಾಯಿದೆಗಳನ್ನು ನೋಡಿದರೆ ಅವು ಒಂದೇ ಗೆರೆ ಎಳೆದಿಲ್ಲ. 1875ರ ಕಾಯಿದೆಯಂತೆ 18 ತುಂಬುವವರೆಗೆ ಮಗು ಅಪ್ರಾಪ್ತ. ಅದರ ಪರವಾಗಿ ಕೇಳುವವರು ಪಾಲಕರು. 2023ರ ದತ್ತಾಂಶ ರಕ್ಷಣೆಯ ಕಾಯಿದೆಯೂ 18ನ್ನೇ ಹಿಡಿದಿದೆ. ಆದರೆ ಒಪ್ಪಿಗೆಯ ಮಾತಿನಲ್ಲಿ 1860ರ ದಂಡಸಂಹಿತೆ ಸಾಮಾನ್ಯವಾಗಿ 12ನ್ನು ಗಡಿಯಾಗಿಟ್ಟಿತ್ತು. 2023ರ ನ್ಯಾಯಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಒಳರೋಗಿಯ ದಾಖಲೆಯನ್ನು ರೋಗಿಯಾಗಲಿ ಅಧಿಕಾರವುಳ್ಳವರಾಗಲಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ. ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂಬುದೂ ಅದೇ ನಿಯಮಗಳಲ್ಲಿದೆ. ಹದಿನೈದರ ಹುಡುಗಿಯ ಗುಟ್ಟನ್ನು ಹೆತ್ತ ತಾಯಿಗೆ ಹೇಳಿದರೆ ಅದು ಹೊರಗೆಡಹಿದಂತೆಯೇ ಎಂಬುದನ್ನು ಮಾತ್ರ ಅವು ಬಿಡಿಸಿ ಹೇಳಿಲ್ಲ. ಇಂಗ್ಲೆಂಡಿನಲ್ಲಿ 1985ರ ಗಿಲ್ಲಿಕ್ ತೀರ್ಪು 16ರೊಳಗಿನವರಿಗೂ ತಿಳಿವಳಿಕೆ ಸಾಲುವಷ್ಟಿದ್ದರೆ ಚಿಕಿತ್ಸೆಗೆ ತಾವೇ ಒಪ್ಪಬಹುದೆಂದಿತು. ಖಾಸಗಿತನ ಮೂಲಭೂತ ಹಕ್ಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಪಾಲಕರಿಗೆ ಏನನ್ನೂ ತಿಳಿಸಬಾರದೆಂಬ ವಾದ ನಮಗೆ ಒಪ್ಪಿಗೆಯಿಲ್ಲ. ಮೂರ್ಛೆರೋಗದ ಹುಡುಗನಿಗೆ ಗುಳಿಗೆ ತಪ್ಪದಂತೆ ನೋಡಿಕೊಳ್ಳುವವರು, ಬಾವಿಯ ಕಡೆ ಒಬ್ಬನೇ ಹೋಗದಂತೆ ಕಾಯುವವರು ಮನೆಯವರೇ ಅಲ್ಲವೆ? ಆದರೆ ಮೂರ್ಛೆಯ ಸುದ್ದಿ ಮನೆಯಿಂದ ಓಣಿಗೆ ಬಿದ್ದಿತೆಂದರೆ ಅಕ್ಕನ ಸಂಬಂಧವೂ ಮುರಿಯುತ್ತದೆ. ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ದೊಡ್ಡ ಕಾಯಿಲೆಗೆ ಇಂದಿಗೂ ಈ ಕಡೆಯವರು ರಾಯಚೂರಿಗೆ ಹೋಗುವುದುಂಟು. ಒಳ್ಳೆಯ ವೈದ್ಯರಿಗಾಗಿ ಹೋಗುವವರಿದ್ದಾರೆ. ಅಲ್ಲಿ ಗುರುತಿನವರಿಲ್ಲವೆಂದು ಹೋಗುವವರೂ ಇದ್ದಾರೆ.

ಹುಡುಗಿಯರ ವಿಷಯ ಇನ್ನೂ ಕಠಿಣ. ಮುಟ್ಟು, ಬಿಳಿಸೆರಗು, ಮನಸ್ಸಿನ ದುಗುಡ ಇವನ್ನು ತಾಯಿಯ ಎದುರಿನಲ್ಲಿ ವೈದ್ಯರಿಗೆ ಹೇಳಲಾರದೆ ಬಾಯಿ ಮುಚ್ಚಿಕೊಂಡೇ ಹಿಂದಿರುಗುವವರು ಅನೇಕರು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19ರ ವಯಸ್ಸಿನವರಿಗೆ ಬೇರೆ ಕ್ಲಿನಿಕ್ ಇರಬೇಕೆಂದದ್ದು ಇದಕ್ಕಾಗಿಯೇ. ಗಡಿಯಾಚೆ ಕರ್ನಾಟಕದಲ್ಲಿ ಅದಕ್ಕೆ ಸ್ನೇಹ ಕ್ಲಿನಿಕ್ ಎಂಬ ಹೆಸರಿದೆ. ಇನ್ನು ಎಳೆಯ ವಯಸ್ಸಿನಲ್ಲೇ ಗರ್ಭ ನಿಂತರೆ, 1971ರ ಕಾಯಿದೆಯಂತೆ ಅದನ್ನು ತೆಗೆಸಲು ಪಾಲಕರ ಲಿಖಿತ ಒಪ್ಪಿಗೆ ಬೇಕು. 2012ರ ಪೋಕ್ಸೋ ಕಾಯಿದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಈ ಎರಡು ಭಯಗಳ ನಡುವೆ ಹುಡುಗಿ ದವಾಖಾನೆಯನ್ನೇ ಬಿಟ್ಟು ನಾಟಿ ಮದ್ದಿಗೆ ಕೈಚಾಚಿದರೆ ಪ್ರಾಣಕ್ಕೇ ಕುತ್ತು. 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು, ಹುಡುಗಿಯೂ ಪಾಲಕರೂ ಕೇಳಿಕೊಂಡಲ್ಲಿ ವೈದ್ಯರು ವರದಿಯಲ್ಲಿ ಆಕೆಯ ಹೆಸರು ಕೊಡಬೇಕಾಗಿಲ್ಲವೆಂದಿತು. ಈ ತೀರ್ಪು ನಮ್ಮ ಶಾಲೆಗಳಿಗೆ ಸರಿಯಾಗಿ ತಲುಪಿಲ್ಲವೆಂದು ನಮ್ಮ ಭಾವನೆ. ಪೋಕ್ಸೋದ ವರದಿಯ ಹೊಣೆ ಉಪಾಧ್ಯಾಯರ ಮೇಲೂ ಇದೆ. ಆದುದರಿಂದ ಅಳುತ್ತ ಬಂದ ಮಗುವಿಗೆ 'ಯಾರಿಗೂ ಹೇಳುವುದಿಲ್ಲ' ಎಂದು ಮೊದಲೇ ಮಾತು ಕೊಡಬಾರದು.

ಶಾಲೆಯ ತಪಾಸಣೆಯಲ್ಲಿ ನಮ್ಮವರ ನಡತೆಯೂ ತಿದ್ದಿಕೊಳ್ಳತಕ್ಕದ್ದೇ. ರಕ್ತಹೀನತೆಯುಳ್ಳ ಹುಡುಗಿಯರ ಪಟ್ಟಿಯನ್ನು ತರಗತಿಯಲ್ಲಿ ಹೆಸರು ಹಿಡಿದು ಕೂಗುವುದುಂಟು. ಅದರ ಚಿತ್ರ ಉಪಾಧ್ಯಾಯರ ವಾಟ್ಸಾಪ್ ಗುಂಪಿಗೆ ಹೋಗುವುದೂ ಉಂಟು. ತಂದೆಗೆ ತೋರಿಸಲು ಹಿಂಜರಿಯುವ ಕಾಗದವನ್ನು ನಲವತ್ತು ಜನ ನೋಡಿರುತ್ತಾರೆ. ಆರೋಗ್ಯದ ಕಾರ್ಡುಗಳನ್ನು ಅಲಮಾರಿನಲ್ಲಿ ಬೀಗ ಹಾಕಿ ಇಡಬೇಕು. ಪಾಲಕರು ಚೀಟಿ ತಂದು ಓದಿಸಿದಾಗ ಮಗುವನ್ನು ಕೂಡಿಸಿಕೊಂಡು, ಬಾಗಿಲು ಮುಂದೆ ಮಾಡಿ, ಬರೆದಿರುವಷ್ಟನ್ನು ಕನ್ನಡದಲ್ಲಿ ಹೇಳಿ, ಚೀಟಿಯನ್ನು ಅವರ ಕೈಗೇ ಹಿಂದಿರುಗಿಸಬೇಕು. ಬರೆಯದೆ ಇರುವುದನ್ನು ಕೇಳಿದರೆ, ವೈದ್ಯರ ಬಳಿಗೆ ಕಳುಹಿಸಬೇಕು.