ನೆರೆನೀರಿಗಿಳಿದ ಕಡಲ ದೋಣಿಗಳು

ಒಬ್ಬ ಧರ್ಮಗುರುವಿನ ಉಸ್ತುವಾರಿಯಲ್ಲಿರುವ, ಗೊತ್ತಾದ ಎಲ್ಲೆಯುಳ್ಳ ಕ್ರೈಸ್ತ ಭಕ್ತರ ಸಮುದಾಯವನ್ನು ಕಥೋಲಿಕ ಸಭೆಯ ಆಡಳಿತದಲ್ಲಿ ಧರ್ಮಕೇಂದ್ರವೆನ್ನುತ್ತಾರೆ. ಭಾನುವಾರದ ಬಲಿಪೂಜೆ, ಮದುವೆ, ಶವಸಂಸ್ಕಾರಗಳಷ್ಟೇ ಅದರ ಕೆಲಸವೆಂದು ಹೊರಗಿನವರಿಗೆ ತೋರಬಹುದಾದರೂ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ, ಯಾವ ಮನೆಯಲ್ಲಿ ದುಡಿಯುವವರಿಲ್ಲ ಎಂಬುದನ್ನು ಬಲ್ಲ ಈ ವ್ಯವಸ್ಥೆಯ ಬಲ ತಿಳಿಯುವುದು ವಿಪತ್ತಿನ ಕಾಲದಲ್ಲಿ. 2018ರ ಆಗಸ್ಟ್‌ನಲ್ಲಿ ಕೇರಳವನ್ನು ಮುಳುಗಿಸಿದ ಪ್ರವಾಹ ಇದಕ್ಕೆ ಸಮೀಪದ ನಿದರ್ಶನ.

ತಿರುವನಂತಪುರದ ಪೂಂದುರ, ವಿಳಿಞಂ ಮೊದಲಾದ ಕಡಲೂರುಗಳ ಮೀನುಗಾರರಲ್ಲಿ ಬಹುಪಾಲು ಜನ ಲ್ಯಾಟಿನ್ ವಿಧಿಯ, ಎಂದರೆ ರೋಮ್ ನಗರದ ಪೂಜಾಕ್ರಮವನ್ನು ಅನುಸರಿಸುವ ಕಥೋಲಿಕರು. ಸಂತ ಫ್ರಾನ್ಸಿಸ್ ಝೇವಿಯರ್ ತಿರುವಾಂಕೂರಿನ ಕರಾವಳಿಯಲ್ಲಿ ಮುಕ್ಕುವರೆಂಬ ಮೀನುಗಾರ ಸಮುದಾಯದ ಸಾವಿರಾರು ಜನರಿಗೆ ಜ್ಞಾನಸ್ನಾನ ಕೊಟ್ಟದ್ದು 1544ರಲ್ಲಿ. ಅಂದಿನಿಂದ ಬೆಳೆದುಬಂದ ಪದ್ಧತಿಯಲ್ಲಿ ಇಗರ್ಜಿ ಪ್ರಾರ್ಥನೆಯ ಮನೆಯಾಗಿದ್ದಂತೆ ಊರಿನ ನ್ಯಾಯಕಟ್ಟೆಯೂ ಆಗಿತ್ತು: ಹಿಡಿದ ಮೀನಿನಲ್ಲಿ ಒಂದು ಪಾಲನ್ನು ಸಂಗ್ರಹಿಸುವ ಹಕ್ಕನ್ನು ಗುತ್ತಿಗೆಗೆ ಕೊಡುವುದು, ಬಲೆ ದೋಣಿಗಳ ಜಗಳ ಬಿಡಿಸುವುದು, ಇವೆಲ್ಲ ಅದರ ಅಂಗಳದಲ್ಲೇ ನಡೆಯುತ್ತಿದ್ದವು. ಮಂಗಳೂರು ಸೀಮೆಯ ಧರ್ಮಕೇಂದ್ರಗಳು ವಾಡೊಗಳೆಂಬ ಸಣ್ಣ ಭಾಗಗಳಾಗಿ ಹಂಚಿಹೋಗಿ ಒಂದೊಂದಕ್ಕೂ ಗುರ್ಕಾರನೆಂಬ ಮುಖಂಡನನ್ನು ಹೊಂದಿರುವಂತೆ, ಅಲ್ಲಿಯೂ ನೆರೆಹೊರೆಯ ಮನೆಗಳು ಸೇರಿ ಸಣ್ಣ ಸಮುದಾಯಗಳಾಗಿರುವುದರಿಂದ ಇಗರ್ಜಿಯಲ್ಲಿ ಹೇಳಿದ ಮಾತು ಮನೆಮನೆಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಆಗಸ್ಟ್ 15 ಕಥೋಲಿಕರಿಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಆ ವರ್ಷದ ಆ ದಿನಗಳಲ್ಲಿ ಮಳೆ ನಿಲ್ಲದೆ, 35 ಅಣೆಕಟ್ಟುಗಳ ಗೇಟು ತೆರೆದು, ಪಂಪಾ, ಪೆರಿಯಾರ್ ನದಿಗಳು ಊರೊಳಕ್ಕೆ ನುಗ್ಗಿದಾಗ, ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಿಗೇರಿಸಿ, ಎಂಜಿನ್ನು, ಹಗ್ಗ, ಸೀಮೆಎಣ್ಣೆ ಕ್ಯಾನುಗಳೊಂದಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಚೆಂಗನ್ನೂರಿನತ್ತ ಹೊರಟರು. ಅಲೆಗೆ ಒಗ್ಗಿದ ಆ ದೋಣಿಗಳು ಮುಳುಗಿದ ಕಾಂಪೌಂಡ್ ಗೋಡೆ, ಗೇಟು, ವಿದ್ಯುತ್ ಕಂಬಗಳಿಗೆ ತಗುಲಿ ಜಖಂಗೊಂಡರೂ ಛಾವಣಿಗಳ ಮೇಲೆ ಕಾದಿದ್ದ ಹತ್ತಾರು ಸಾವಿರ ಜನರನ್ನು ದಡ ಮುಟ್ಟಿಸಿದವು. ಮಲಪ್ಪುರಂನಿಂದ ಬಂದ ಮುಸ್ಲಿಂ ಮೀನುಗಾರರೂ, ಬೇರೆ ಕಡಲೂರುಗಳ ಹಿಂದೂಗಳೂ ಇದೇ ಕೆಲಸದಲ್ಲಿದ್ದರೆಂಬುದನ್ನು ಮರೆಯಲಾಗದು. ಒಂಬತ್ತು ತಿಂಗಳ ಹಿಂದಷ್ಟೇ, 2017ರ ನವೆಂಬರ್ ಕೊನೆಯಲ್ಲಿ, ಓಖಿ ಚಂಡಮಾರುತ ಇದೇ ತಿರುವನಂತಪುರದ ಕೇರಿಗಳ ಗಂಡಸರನ್ನು ಕಡಲಲ್ಲಿ ಬಲಿ ತೆಗೆದುಕೊಂಡಿತ್ತು; ಆದರೂ ರಕ್ಷಣೆಗಿಳಿದ ದೋಣಿಗಳಿಗೆ ದಿನಕ್ಕೆ 3,000 ರೂಪಾಯಿ ಕೊಡುವುದಾಗಿ ಸರ್ಕಾರ ಹೇಳಿದಾಗ, ಬೇಡವೆಂದವರು ಈ ಮೀನುಗಾರರಲ್ಲಿ ಅನೇಕರಿದ್ದರು.

ದೇವರು ಇಂಥ ವಿಪತ್ತನ್ನೇಕೆ ಆಗಗೊಟ್ಟನೆಂಬ ಪ್ರಶ್ನೆ ಕ್ರೈಸ್ತ ಚಿಂತನೆಗೆ ಹಳೆಯದು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬಕ್ಕೆ ಜನ ಇಗರ್ಜಿಗಳಲ್ಲಿ ನೆರೆದಿದ್ದಾಗಲೇ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿದಾಗ ಯುರೋಪು ಈ ಪ್ರಶ್ನೆಯಿಂದ ತತ್ತರಿಸಿತು. ಅದು ಪಾಪದ ಶಿಕ್ಷೆಯೆಂದು ಬೋಧಿಸಿದವರೂ ಇದ್ದರು. ಆದರೆ ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿರಲಿಲ್ಲವೆಂದು ಲೂಕನ ಶುಭಸಂದೇಶದಲ್ಲಿ ಯೇಸುವೇ ಹೇಳಿರುವಾಗ, ನೊಂದವರ ಮೇಲೆ ತಪ್ಪು ಹೊರಿಸುವ ಬೋಧನೆಗೆ ಆಧಾರವೇ ಉಳಿಯುವುದಿಲ್ಲ. ಕೇರಳದಲ್ಲಿ ಧರ್ಮಕೇಂದ್ರಗಳು ಕಾರಣ ಹುಡುಕುತ್ತ ಕೂರದೆ ತಮ್ಮ ಶಾಲೆ, ಸಭಾಂಗಣಗಳನ್ನು ಪರಿಹಾರ ಶಿಬಿರಗಳಾಗಿ ತೆರೆದು, ಯಾವ ಜಾತಿಮತವೆಂದು ಕೇಳದೆ ಅನ್ನ ಬೇಯಿಸಿ ಬಡಿಸಿದ್ದು ಆ ಶುಭಸಂದೇಶಕ್ಕೆ ತಕ್ಕ ನಡೆ.

ಆದರೂ ಪರಿಹಾರದಲ್ಲಿ ತೋರಿದ ಧಾರಾಳವನ್ನು ಸಭೆ ಮುನ್ನೆಚ್ಚರಿಕೆಯ ವಿಷಯದಲ್ಲೂ ತೋರಿತೆಂದು ಹೇಳಲಾಗದು. ಕರ್ನಾಟಕವನ್ನೂ ಒಳಗೊಂಡ ಪಶ್ಚಿಮಘಟ್ಟದ ರಕ್ಷಣೆ ಕುರಿತು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿಯನ್ನು ಇಡುಕ್ಕಿಯ ಬೆಟ್ಟಸೀಮೆಯಲ್ಲಿ ಸಭೆಯ ನಾಯಕರೇ ಮುಂದೆ ನಿಂತು ವಿರೋಧಿಸಿದ್ದರು. ಸಣ್ಣ ಹಿಡುವಳಿದಾರರ ನೆಲ ಹೋದೀತೆಂಬ ಅವರ ಭಯ ಸುಳ್ಳಲ್ಲವಾದರೂ, ಗುಡ್ಡ ಕುಸಿದಾಗ ಮೊದಲು ಸಾಯುವವರೂ ಅದೇ ಹಿಡುವಳಿದಾರರು. ಸೃಷ್ಟಿಯ ಆರೈಕೆಯನ್ನು ವಿಶ್ವಾಸದ ಕರ್ತವ್ಯವೆಂದು ಸಾರಿದ ಪೋಪ್ ಫ್ರಾನ್ಸಿಸರ ‘ಲೌದಾತೊ ಸಿ’ ಎಂಬ, ಭೂಮಿಯ ಎಲ್ಲ ಜನರನ್ನು ಉದ್ದೇಶಿಸಿದ ಪತ್ರ ಹೊರಬಂದದ್ದು ಆ ಬಳಿಕ, 2015ರಲ್ಲಿ.

ಕರಾವಳಿಯ ಸಭೆ ಬೇರೆ ದಾರಿ ಹಿಡಿಯಿತು. ಕಡಲ್ಕೊರೆತದಿಂದ ಮನೆ ಕಳೆದುಕೊಂಡ ಮೀನುಗಾರ ಕುಟುಂಬಗಳು ತಿರುವನಂತಪುರದ ವಲಿಯತುರದಲ್ಲಿ ಸಿಮೆಂಟ್ ಗೋದಾಮಿನಲ್ಲಿ ವರ್ಷಗಟ್ಟಲೆ ದಿನ ತಳ್ಳುತ್ತಿದ್ದಾಗ, ವಿಳಿಞಂ ಬಂದರಿನ ಕಾಮಗಾರಿಯಿಂದ ಕೊರೆತ ಹೆಚ್ಚುತ್ತಿದೆಯೆಂಬ ದೂರಿನೊಂದಿಗೆ ಅಲ್ಲಿನ ಮಹಾಧರ್ಮಪ್ರಾಂತ್ಯ, ಎಂದರೆ ಮಹಾಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಸಭೆ, 2022ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಗುರುಗಳನ್ನೂ ಭಕ್ತರನ್ನೂ ಕೂಡಿಸಿ ಧರಣಿ ನಡೆಸಿತು.