ರಾಯದುರ್ಗದ 159, ಮೊಳಕಾಲ್ಮೂರಿನ 131

ರಾಯದುರ್ಗದಲ್ಲಿ ಮೊಳಕಾಲ್ಮೂರಿನ ಬಸ್ಸು ಹತ್ತಿದರೆ ರಾಜ್ಯ ಬದಲಾದದ್ದು ಬೋರ್ಡಿನ ಅಕ್ಷರ ನೋಡಿದ ಮೇಲೆಯೇ ಗೊತ್ತಾಗುವುದು. ಮಾತು ಆಚೆಗೂ ಈಚೆಗೂ ಕನ್ನಡವೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕು ಅನಂತಪುರದ ಪಾಲಾಯಿತು. ಮೂರು ದಿಕ್ಕಿಗೂ ಕರ್ನಾಟಕವನ್ನೇ ಹೊದ್ದುಕೊಂಡ ಮಡಕಶಿರಾ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಷ್ಟ್ರಪತಿ ಚುನಾವಣೆ ಬಂದಾಗ ಮಾತ್ರ ಈ ಗಡಿ ಅಂಕಿಯಲ್ಲಿ ಎದ್ದು ಕಾಣುತ್ತದೆ. ರಾಯದುರ್ಗದ ಶಾಸಕರ ಒಂದು ಮತದ ಮೌಲ್ಯ 159, ಮೊಳಕಾಲ್ಮೂರಿನ ಶಾಸಕರದು 131. ಮಡಕಶಿರಾದ್ದು 159, ಪಕ್ಕದ ಪಾವಗಡದ್ದು 131.

ಲೆಕ್ಕ ಕಷ್ಟದ್ದಲ್ಲ. 1971ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ ಎಷ್ಟಿತ್ತೋ ಅದನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಈಗಿನ ಆಂಧ್ರಕ್ಕೆ 2,78,00,586 ಜನ, 175 ಶಾಸಕರು, 158.86 ಬರುತ್ತದೆ, 159 ಎಂದು ಹಿಡಿಯುತ್ತಾರೆ. 2014ಕ್ಕೆ ಮುಂಚೆ, 294 ಶಾಸಕರ ಅವಿಭಜಿತ ಆಂಧ್ರದಲ್ಲಿ ಇದೇ ಮೌಲ್ಯ 148 ಇತ್ತು. ಮಡಕಶಿರಾದ ಎಲ್ಲೆ ಒಂದಿಂಚೂ ಸರಿಯಲಿಲ್ಲ, ಮತದ ಮೌಲ್ಯ 11 ಏರಿತು. ಎಲ್ಲ ಶಾಸಕರ ಮತಮೌಲ್ಯ ಕೂಡಿ, ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಸಂಸದರ ಮತಮೌಲ್ಯ. 2022ರಲ್ಲಿ ಅದು 700.

ಆದರೆ ಈ ಎಣಿಕೆಯ ನಿಜವಾದ ಕುತೂಹಲ ಇರುವುದು ಎರಡನೇ ಸುತ್ತಿನಲ್ಲಿ. ಮತ ಹಾಕುವವರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2 ಎಂದು ಪ್ರಾಶಸ್ತ್ಯದ ಅಂಕಿ ಬರೆಯುತ್ತಾರೆ, 1ರ ಎಣಿಕೆಯಲ್ಲಿ ಯಾರೂ ಗೆಲ್ಲದಿದ್ದರೆ ಮುಂದಿನ ಅಂಕಿ ನೋಡುವುದೇ ಆ ಸುತ್ತು. ದೇಶ ಅದನ್ನು ಕಂಡದ್ದು ಒಂದೇ ಸಲ, 1969ರಲ್ಲಿ. ಆ ಸಲ ಸೋತವರು ಇದೇ ಅನಂತಪುರ ಜಿಲ್ಲೆಯ ಇಲ್ಲೂರಿನವರು, ನೀಲಂ ಸಂಜೀವ ರೆಡ್ಡಿ.

ಆ ವರ್ಷದ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿ, ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ, ಆಗ ಲೋಕಸಭೆಯ ಸ್ಪೀಕರ್ ಆಗಿದ್ದ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಪಕ್ಷದ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಒಲವು ಸಿ.ಡಿ. ದೇಶಮುಖರ ಕಡೆಗೆ. ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರನ್ನು ಕಂಡು, ನಿಮ್ಮವರ ಎರಡನೇ ಪ್ರಾಶಸ್ತ್ಯವಾದರೂ ರೆಡ್ಡಿಯವರಿಗಿರಲಿ ಎಂದು ಕೇಳಿದರು. ಅದನ್ನೇ ಮುಂದಿಟ್ಟುಕೊಂಡು ಇಂದಿರಾ ಬಣ, ಪಕ್ಷದ ಅಭ್ಯರ್ಥಿ ಯಾರೆಂದು ನೋಡದೆ ಮನಸ್ಸಿಗೆ ಒಪ್ಪಿದವರಿಗೆ ಹಾಕಿ ಎಂಬ ‘ಆತ್ಮಸಾಕ್ಷಿಯ ಮತ’ದ ಕೂಗೆಬ್ಬಿಸಿತು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಕಣದಲ್ಲಿ 15 ಮಂದಿ. ಸಿಂಧು ಮತಗಳ ಒಟ್ಟು ಮೌಲ್ಯ 8,36,337. ಅದರ ಅರ್ಧವನ್ನು ದಾಟಿದ ಅಂಕಿ, ಅಂದರೆ 4,18,169 ಮುಟ್ಟಿದವರು ಗೆದ್ದಂತೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರೂ ಮುಟ್ಟಲಿಲ್ಲ. ಆಗ ಎಲ್ಲರಿಗಿಂತ ಕೆಳಗಿರುವವರನ್ನು ಕಣದಿಂದ ತೆಗೆಯುತ್ತಾರೆ. ಅವರ ಮತಪತ್ರಗಳನ್ನು ಮತ್ತೆ ಬಿಡಿಸಿ, ಮುಂದಿನ ಅಂಕಿ ಯಾರ ಹೆಸರಿಗಿದೆಯೋ ಅವರ ಕಟ್ಟಿಗೆ ಅದೇ ಮೌಲ್ಯದಲ್ಲಿ ಸೇರಿಸುತ್ತಾರೆ. ಮುಂದಿನ ಅಂಕಿಯೇ ಇಲ್ಲದ ಚೀಟಿ ಅಲ್ಲಿಗೆ ಮುಗಿಯಿತು. ಹೀಗೆ ಒಬ್ಬೊಬ್ಬರೇ ಹೊರಬಿದ್ದು, ಕೊನೆಗೆ ದೇಶಮುಖರ ಕಟ್ಟೂ ಬಿಚ್ಚಿತು.

ನಿಜಲಿಂಗಪ್ಪನವರು ಕೇಳಿದ್ದು ಬಹಳಮಟ್ಟಿಗೆ ಸಿಕ್ಕಿತ್ತು. ಹೊರಬಿದ್ದವರ ಮತಗಳಲ್ಲಿ 91,879 ರೆಡ್ಡಿಯವರಿಗೆ ಬಂತು, ಗಿರಿಯವರಿಗೆ ಬರೀ 18,562. ಆದರೆ ಗಿರಿಯವರಿಗೆ ಬೇಕಿದ್ದದ್ದೇ 16,654. ರೆಡ್ಡಿಯವರಿಗೆ ಬೇಕಿದ್ದದ್ದು 1,04,621. ಕೊನೆಯ ಲೆಕ್ಕ ಗಿರಿ 4,20,077, ರೆಡ್ಡಿ 4,05,427. ಉಳಿದ 10,833 ಮೌಲ್ಯದ ಮತಗಳು ಇಬ್ಬರ ಕಟ್ಟಿಗೂ ಬರಲಿಲ್ಲ. ಅವೆಲ್ಲ ಇಲ್ಲೂರಿನವರಿಗೇ ಬಿದ್ದಿದ್ದರೂ 4,16,260 ಆಗುತ್ತಿತ್ತು, ಅಷ್ಟೆ.

ಎಣಿಕೆಯ ಕ್ರಮ ಈಗಲೂ ಅದೇ. ಮತಯಂತ್ರ ಇಲ್ಲ, ಇಲ್ಲಿ ಗುಂಡಿ ಒತ್ತಿದರೆ ಸಾಲದು, ಅಂಕಿ ಬರೆಯಬೇಕು. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ. 2016ರಲ್ಲಿ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಬೇರೆ ಪೆನ್ನು ಬಳಸಿದ್ದಕ್ಕೆ ಮತಗಳು ತಿರಸ್ಕೃತವಾದ ಮೇಲೆ, 2017ರಿಂದ ಚುನಾವಣಾ ಆಯೋಗವೇ ನೇರಳೆ ಶಾಯಿಯ ಪೆನ್ನು ಕೊಡುತ್ತಿದೆ. 2022ರಲ್ಲಿ ರಾಜ್ಯಗಳ ಮತಪೆಟ್ಟಿಗೆಗಳು ದಿಲ್ಲಿಗೆ ಹೋದದ್ದು ಅಧಿಕಾರಿಗಳ ಪಕ್ಕದ ಸೀಟಿನಲ್ಲಿ, ‘ಮಿಸ್ಟರ್ ಬ್ಯಾಲಟ್ ಬಾಕ್ಸ್’ ಹೆಸರಿನ ವಿಮಾನ ಟಿಕೆಟ್ಟಿನಲ್ಲಿ.

ನಿಯಮದಲ್ಲಿ ಒಂದು ಮಾತು ಗಡಿನಾಡಿನವರ ಮನಸ್ಸಿಗೆ ಹಿತವಾದದ್ದು. ಅಂಕಿಯನ್ನು ಯಾವುದೇ ಭಾರತೀಯ ಭಾಷೆಯ ರೂಪದಲ್ಲಿ ಬರೆಯಬಹುದು. ಅಕ್ಷರದಲ್ಲಿ ‘ಒಂದು’ ಎಂದು ಬರೆದರೆ ಮತ ಅಸಿಂಧು, ಅಂಕಿಯಲ್ಲಿ ೧ ಎಂದರೆ ಸಿಂಧು. ಕನ್ನಡದ ಒಂದಕ್ಕೂ ತೆಲುಗಿನ ಒಂದಕ್ಕೂ ರೂಪ ಹೆಚ್ಚುಕಡಿಮೆ ಒಂದೇ. ಮಡಕಶಿರಾದ ಶಾಸಕರು ಆ ಸುತ್ತು ಬರೆದರೆ ಯಾವ ಭಾಷೆಯಲ್ಲಿ ಬರೆದರೆಂದು ದಿಲ್ಲಿಯ ಎಣಿಕೆ ಮೇಜಿನಲ್ಲಿ ಯಾರೂ ಹೇಳಲಾರರು.

ರೆಡ್ಡಿಯವರು 1977ರಲ್ಲಿ ಮತ್ತೆ ನಾಮಪತ್ರ ಸಲ್ಲಿಸಿದರು. ಸಲ್ಲಿಸಿದ್ದ 37 ಮಂದಿಯಲ್ಲಿ 36 ಮಂದಿಯ ನಾಮಪತ್ರ ತಿರಸ್ಕೃತವಾಗಿ, ಒಂದು ಚೀಟಿಯನ್ನೂ ಎಣಿಸದೆ ಅವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯ ಹೊಣೆ ಹೊತ್ತಿದ್ದವರು ಜಮಖಂಡಿ ಕಡೆಯ ಬಿ.ಡಿ. ಜತ್ತಿ. ರೆಡ್ಡಿಯವರು 1996ರ ಜೂನ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಸಮಾಧಿ ಕಲ್ಪಳ್ಳಿಯಲ್ಲಿದೆ.

2022ರ ಜುಲೈ 21ರಂದು ಸಂಸತ್ ಭವನದಲ್ಲಿ ಸಂಸದರ ಮತ ಎಣಿಸಿ, ರಾಜ್ಯಗಳನ್ನು ಅಕ್ಷರ ಕ್ರಮದಲ್ಲಿ ತೆಗೆದುಕೊಂಡಾಗ ಮೊದಲು ಬಂದದ್ದು ಆಂಧ್ರ. ಸಿಂಧುವಾದ 173 ಮತಗಳೂ ದ್ರೌಪದಿ ಮುರ್ಮು ಅವರಿಗೆ. ಎದುರಾಳಿ ಯಶವಂತ ಸಿನ್ಹಾ ಅವರ ತಟ್ಟೆ ಖಾಲಿ. ಮುಂದಿನ ಚುನಾವಣೆ 2027ರಲ್ಲಿ. ಆಂಧ್ರ ವಿಧಾನಸಭೆ ಇರುವ ವೆಲಗಪೂಡಿಯಲ್ಲಿ ಶಾಸಕರು ಗುಲಾಬಿ ಚೀಟಿಯ ಮೇಲೆ ನೇರಳೆ ಶಾಯಿಯಲ್ಲಿ 1 ಬರೆಯುತ್ತಾರೆ, ಕೆಲವರು ಅದರ ಕೆಳಗೋ ಮೇಲೋ 2 ಕೂಡ. ಆ ಎರಡನ್ನು ಹುಡುಕಿ ಕಟ್ಟು ಬಿಚ್ಚಿದ್ದು 1969ರಲ್ಲೇ ಕೊನೆ.