ತಾರೀಖು ಮತ್ತು ಪೋಸ್ಟಿಂಗ್: ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ವಿಚಾರಣೆ

ಗಡಿಯಲ್ಲಿ ಗುಂಡು ತಗುಲಿ ಕಾಲು ಕಳೆದುಕೊಂಡ ಯೋಧನ ಪಿಂಚಣಿಗೆ ಹೆಚ್ಚಿನ ವಾದ ಬೇಕಾಗುವುದಿಲ್ಲ. ಗಾಯ ಎಲ್ಲಿ, ಯಾವಾಗ ಆಯಿತೆಂಬುದು ಅಂದೇ ಕಾಗದಕ್ಕೆ ಬಂದಿರುತ್ತದೆ. ಕಾಯಿಲೆಯ ಕಥೆ ಬೇರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಅಪಸ್ಮಾರ, ಮಾನಸಿಕ ಕಾಯಿಲೆ ಇವೆಲ್ಲ ಹೇಳದೆ ಕೇಳದೆ ಬರುವಂಥವು. ಬಿಡುಗಡೆಯ ಹೊತ್ತಿಗೆ ಮೆಡಿಕಲ್ ಬೋರ್ಡಿನ ವೈದ್ಯರು ‘ಇದು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಎಂದು ಬರೆದರೆ ಅಂಗವೈಕಲ್ಯ ಪಿಂಚಣಿ ಅಲ್ಲಿಗೆ ನಿಂತುಹೋಗುತ್ತದೆ. ಅದನ್ನು ಪ್ರಶ್ನಿಸಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೊರಟವರಿಗೆ, ತಾವೆಷ್ಟು ನರಳುತ್ತಿದ್ದೇವೆ ಎಂಬುದನ್ನು ಮನಮುಟ್ಟುವಂತೆ ಹೇಳಿದರೆ ಸಾಕು ಅನಿಸುವುದು ಸಹಜ. ಆದರೆ ಅಲ್ಲಿನ ತಕರಾರು ನರಳಾಟದ ಬಗ್ಗೆ ಅಲ್ಲವೇ ಅಲ್ಲ. ಕಾಯಿಲೆ ಇದೆಯೆಂದು ಸರ್ಕಾರವೂ ಒಪ್ಪಿರುತ್ತದೆ, ಅಂಗವೈಕಲ್ಯ ಶೇಕಡಾ ಎಷ್ಟೆಂದು ಅದರ ವೈದ್ಯರೇ ಬರೆದಿರುತ್ತಾರೆ. ಕಾಯಿಲೆ ಯಾವ ದಿನ, ಯಾವ ಪೋಸ್ಟಿಂಗಿನಲ್ಲಿ ಮೊದಲು ಕಾಣಿಸಿತು, ಅದಕ್ಕೂ ಸೇವೆಗೂ ನಂಟಿಲ್ಲ ಎನ್ನಲು ಬೋರ್ಡು ಏನು ಕಾರಣ ಕೊಟ್ಟಿದೆ ಎಂಬಷ್ಟೇ ಪ್ರಶ್ನೆ ಉಳಿದಿರುತ್ತದೆ. ವಿಚಾರಣೆಯ ತಯಾರಿಯೆಲ್ಲ ಇದರ ಸುತ್ತಲೇ ನಡೆಯಬೇಕು ಎಂಬುದು ನನ್ನ ವಾದ.

ಇದಕ್ಕೆ ಮೊದಲ ಆಧಾರ 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಧರಮ್‌ವೀರ್ ಸಿಂಗ್ ತೀರ್ಪು. 1985ರಲ್ಲಿ ಸಿಗ್ನಲ್ಸ್ ವಿಭಾಗಕ್ಕೆ ಸೇರಿದ ಈ ಜವಾನರನ್ನು ಅಪಸ್ಮಾರದ ಕಾರಣಕ್ಕೆ, ಶೇಕಡಾ 20ರಷ್ಟು ಅಂಗವೈಕಲ್ಯ ಎಂದು ಬರೆದು, 1994ರಲ್ಲಿ ಬಿಡುಗಡೆ ಮಾಡಲಾಯಿತು. ಕಾಯಿಲೆ ಹುಟ್ಟಿನಿಂದ ಬಂದ ದೇಹಪ್ರಕೃತಿಯದು, ಸೇವೆಗೆ ಸಂಬಂಧಿಸಿದ್ದಲ್ಲ ಎಂದು ಪಿಂಚಣಿ ನಿರಾಕರಿಸಲಾಯಿತು. ಸುಪ್ರೀಂ ಕೋರ್ಟ್ ಕೈಗೆತ್ತಿಕೊಂಡದ್ದು ಇಂಥ ಪಿಂಚಣಿಗೆ ಯಾರು ಅರ್ಹರು ಎಂದು ಹೇಳುವ 1982ರ ನಿಯಮಗಳನ್ನು. ಸೇರುವಾಗಿನ ವೈದ್ಯಕೀಯ ದಾಖಲೆಯಲ್ಲಿ ಯಾವ ಕಾಯಿಲೆಯ ನಮೂದೂ ಇಲ್ಲದಿದ್ದರೆ ಆ ವ್ಯಕ್ತಿ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು, ಆಮೇಲೆ ಆರೋಗ್ಯ ಕೆಟ್ಟರೆ ಅದು ಸೇವೆಯಿಂದ ಎಂದು ಹಿಡಿಯಬೇಕು, ಸಾಬೀತುಪಡಿಸುವ ಹೊರೆ ಸೈನಿಕನ ಮೇಲಿಲ್ಲ, ಸಂದೇಹವಿದ್ದರೆ ಅದರ ಲಾಭ ಅವನಿಗೇ ಸಲ್ಲಬೇಕು ಎಂದಿತು. ಸೇರುವಾಗಿನ ತಪಾಸಣೆಯಲ್ಲಿ ಈ ಕಾಯಿಲೆ ಪತ್ತೆಯಾಗುವಂತಿರಲಿಲ್ಲ ಎಂದು ಬೋರ್ಡಿಗೆ ಅನಿಸಿದರೆ ಅದಕ್ಕೆ ಕಾರಣ ಬರೆಯಲೇಬೇಕು. ಧರಮ್‌ವೀರ್ ಸಿಂಗ್ ಅವರ ಬೋರ್ಡು ಕಾರಣ ಬರೆದಿರಲಿಲ್ಲ. ಅವರು ಗೆದ್ದದ್ದು ಆ ಖಾಲಿ ಜಾಗದಿಂದಾಗಿ.

ಹಾಗಾದರೆ ಕಾನೂನೇ ಸೈನಿಕನ ಪರ ನಿಂತಿದೆ, ತಯಾರಿಯ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಏಕೆಂದರೆ ನಿಯಮಗಳು ಅಲ್ಲೇ ನಿಂತಿಲ್ಲ. 2008ರ ನಿಯಮಗಳು, ಸೇರುವಾಗಿನ ತಪಾಸಣೆ ಮೇಲುಮೇಲಿನದು, ಒಳಗೆ ಅಡಗಿದ ಕಾಯಿಲೆ ಅದಕ್ಕೆ ಸಿಗದಿರಬಹುದು, ಸೇವೆಯ ಅವಧಿಯಲ್ಲಿ ಕಾಣಿಸಿತು ಎಂದ ಮಾತ್ರಕ್ಕೆ ಅದು ಸೇವೆಯಿಂದಲೇ ಬಂದದ್ದಾಗದು ಎಂದು ಹೇಳಿದವು. ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಹಕ್ಕು ಕೇಳಿದರೆ ಸಾಬೀತಿನ ಹೊರೆ ಅರ್ಜಿದಾರನ ಹೆಗಲಿಗೇ ಬೀಳುತ್ತದೆ. 2023ರ ಸೆಪ್ಟೆಂಬರಿನಲ್ಲಿ ಇನ್ನೊಂದು ಹೊಸ ನಿಯಮಾವಳಿ ಬಂತು. ಯಾವ ದಿನ ಬಿಡುಗಡೆಯಾದಿರಿ ಎಂಬುದರ ಮೇಲೆ ಯಾವ ನಿಯಮ ಅನ್ವಯ ಎಂಬುದು ನಿಲ್ಲುವುದರಿಂದ, ನೆರೆಮನೆಯ ಹವಾಲ್ದಾರರು ಗೆದ್ದ ವಾದ ನಿಮ್ಮದಕ್ಕೆ ಒಗ್ಗದೆ ಹೋಗಬಹುದು. ಹಳೆಯ ನಿಯಮದಡಿಯೂ ಎಲ್ಲರೂ ಗೆದ್ದಿಲ್ಲ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ, ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಸೇರುವಾಗಿನ ತಪಾಸಣೆಯಲ್ಲಿ ಪತ್ತೆಯಾಗುವಂಥದ್ದಲ್ಲ, ಆಗಿನ ದಾಖಲೆಯಲ್ಲಿ ನಮೂದಿಲ್ಲ ಎಂಬುದಷ್ಟೇ ಸಾಲದು ಎಂದು ಅದೇ ಸುಪ್ರೀಂ ಕೋರ್ಟ್ ಪಿಂಚಣಿ ನಿರಾಕರಿಸಿತು. ಕಾನೂನಿನ ಊಹೆ ಇಳಿಜಾರಿನಲ್ಲಿ ನಿಂತ ಗಾಡಿಯಂತೆ. ಎದುರು ಕಲ್ಲಿಲ್ಲದಿದ್ದರೆ ತಾನೇ ಉರುಳೀತು, ಕಲ್ಲಿದ್ದರೆ ಅದನ್ನು ಸರಿಸುವವರು ಬೇಕು.

ಆ ಕೆಲಸ ಆಗುವುದು ಕಾಗದಗಳಿಂದ. ಸೇನಾ ವೈದ್ಯರಿಗಾಗಿ ಸರ್ಕಾರವೇ ಹೊರಡಿಸಿದ ಮಾರ್ಗದರ್ಶಿ ಕೈಪಿಡಿಯಲ್ಲಿ ಒಂದೊಂದು ಕಾಯಿಲೆಗೂ ಏನು ನೋಡಬೇಕೆಂದಿದೆ. ಎತ್ತರದ ಹಿಮಪ್ರದೇಶ, ಫೀಲ್ಡ್ ಏರಿಯಾ, ಉಗ್ರರ ವಿರುದ್ಧದ ಕಾರ್ಯಾಚರಣೆ, ದೀರ್ಘಕಾಲದ ಹಡಗು ಸೇವೆ ಇಂಥ ಕಡೆ ಇದ್ದಾಗ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಕಾಣಿಸಿಕೊಂಡರೆ ಸೇವೆಯಿಂದ ಉಲ್ಬಣಿಸಿತೆಂದು ಪರಿಗಣಿಸಲು ಅದು ದಾರಿ ಬಿಡುತ್ತದೆ. ಹೃದಯಾಘಾತವಾದರೆ ಅದಕ್ಕೆ ಹಿಂದಿನ 14 ದಿನ ಆತ ಏನು ಡ್ಯೂಟಿ ಮಾಡುತ್ತಿದ್ದ ಎಂದು ನೋಡಬೇಕು. ಆದ್ದರಿಂದ ಅರ್ಜಿದಾರ ಮೊದಲು ಮಾಡಬೇಕಾದದ್ದು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡುವುದು: ಸೇರಿದಂದಿನಿಂದ ಎಲ್ಲೆಲ್ಲಿ ಎಷ್ಟೆಷ್ಟು ಕಾಲ ಇದ್ದೆ ಎಂಬುದು ಒಂದು, ಆಸ್ಪತ್ರೆ ಸೇರಿದ ಮತ್ತು ಮೆಡಿಕಲ್ ಕೆಟಗರಿ ಇಳಿದ ದಿನಾಂಕಗಳದು ಇನ್ನೊಂದು. ಎರಡೂ ಕೂಡುವ ಜಾಗದಲ್ಲಿ ಪ್ರಕರಣದ ಜೀವ ಇದೆ. ಇವನ್ನು ನೆನಪಿನಿಂದ ಬರೆದರೆ ಸಾಲದು. ಸೇರುವಾಗಿನ ವೈದ್ಯಕೀಯ ವರದಿ, ವಾರ್ಷಿಕ ತಪಾಸಣೆಗಳು, ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ, ಅದರಲ್ಲಿ ಕಮಾಂಡಿಂಗ್ ಆಫೀಸರ್ ಕೊಟ್ಟ ಹೇಳಿಕೆ ಇವುಗಳ ಪ್ರತಿಯನ್ನು ತಮ್ಮ ರೆಕಾರ್ಡ್ ಆಫೀಸಿನಿಂದ ಮಾಹಿತಿ ಹಕ್ಕಿನಡಿ ಕೇಳಿ ಪಡೆಯಬಹುದು. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಆ ಕಚೇರಿ ಬೆಂಗಳೂರಿನಲ್ಲೇ ಇದೆ, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿಯಲ್ಲಿ. ಕಾಗದಗಳಲ್ಲಿ ತಮಗೆ ವಿರುದ್ಧವಾದದ್ದೂ ಇರುತ್ತದೆ. ತೂಕ ಹೆಚ್ಚಿದೆ ಎಂಬ ವಾರ್ಷಿಕ ಟಿಪ್ಪಣಿ, ಮದ್ಯಪಾನದ ಉಲ್ಲೇಖ, ‘ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ’ ಎಂಬ ಪ್ರಶ್ನೆಗೆ ಅವಸರದಲ್ಲಿ ಬರೆದ ಹೌದು. ಇವನ್ನು ಬಚ್ಚಿಡಲು ಹೋಗುವುದು ದಡ್ಡತನ, ಕಡತ ಎದುರು ಪಕ್ಷದ ಕೈಯಲ್ಲೇ ಇದೆ. ಆ ಟಿಪ್ಪಣಿಗೂ ಕಾಯಿಲೆಗೂ ಬೋರ್ಡು ನಿಜವಾಗಿ ಸಂಬಂಧ ಜೋಡಿಸಿದೆಯೇ, ಇಲ್ಲ ಈಗ ವಕೀಲರು ಜೋಡಿಸುತ್ತಿದ್ದಾರೆಯೇ ಎಂದು ಕೇಳುವುದು ಜಾಣತನ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ರಕ್ತದೊತ್ತಡ, ಮಧುಮೇಹ ಊರಲ್ಲಿರುವ ಗುಮಾಸ್ತರಿಗೂ ಬರುತ್ತವೆ, ಜೀವನಶೈಲಿಯ ಕಾಯಿಲೆಗೆ ಬೊಕ್ಕಸದಿಂದ ಪಿಂಚಣಿ ಏಕೆ? ಮಹಾಲೇಖಪಾಲರ ವರದಿಯೂ 2023ರಲ್ಲಿ ಈ ಮಾತೆತ್ತಿತು. ನಿವೃತ್ತರಾಗುವ ಅಧಿಕಾರಿಗಳಲ್ಲಿ ಅಂಗವೈಕಲ್ಯ ಪಿಂಚಣಿ ಪಡೆಯುವವರ ಪಾಲು ಜವಾನರಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು ಎಂದು ಅದು ತೋರಿಸಿತು. ದುರುಪಯೋಗ ಇಲ್ಲವೇ ಇಲ್ಲ ಎಂದು ವಾದಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಆ ವರದಿಯ ಅಂಕಿಗಳನ್ನು ಇನ್ನೊಂದು ಬಗೆಯಲ್ಲೂ ಓದಬಹುದು: ನಿಯಮ ಬಲ್ಲವರಿಗೆ, ಕಡತ ಓದಬಲ್ಲವರಿಗೆ ಸಿಗುತ್ತಿರುವುದು ಸಿಪಾಯಿಗೆ ಸಿಗುತ್ತಿಲ್ಲವೇನೋ. ಕೆಲವರ ಅತಿಯಾಸೆಗೆ ಮದ್ದು ಪ್ರತಿ ಬೋರ್ಡೂ ಕಾರಣ ಬರೆಯುವುದೇ ಹೊರತು ಎಲ್ಲರ ಕಡತಕ್ಕೂ ಒಂದೇ ಸಾಲಿನ ಮುದ್ರೆ ಒತ್ತುವುದಲ್ಲ. ಸಿಯಾಚಿನ್‌ನಲ್ಲಿದ್ದಾಗ ಅಪಸ್ಮಾರದ ಸೆಳೆತ ಕಾಣಿಸಿ 1989ರಲ್ಲಿ ಬಿಡುಗಡೆಯಾದ ಬಿಜೇಂದರ್ ಸಿಂಗ್ ಅವರ ಪರ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2025ರಲ್ಲಿ. ಅಂಥವರ ಕಡತಕ್ಕೂ ಬಿದ್ದದ್ದು ಸೇವೆಗೆ ಸಂಬಂಧವಿಲ್ಲ ಎಂಬ ಅದೇ ಮುದ್ರೆ.

ವೈದ್ಯರ ಅಭಿಪ್ರಾಯವನ್ನು ನ್ಯಾಯಾಧೀಶರು ತಿದ್ದುವುದು ಎಷ್ಟು ಸರಿ ಎಂಬ ಸಂಶಯವನ್ನೂ ಬದಿಗೆ ತಳ್ಳಲಾಗದು. ಮೆಡಿಕಲ್ ಬೋರ್ಡಿನ ಮಾತಿಗೆ ಪ್ರಾಶಸ್ತ್ಯ ಕೊಡಬೇಕೆಂದು ಸುಪ್ರೀಂ ಕೋರ್ಟೇ ದಾಮೋದರನ್ ಪ್ರಕರಣದಂಥ ಕಡೆ ಹೇಳಿದೆ. ಆದ್ದರಿಂದಲೇ ವಿಚಾರಣೆಯಲ್ಲಿ ‘ವೈದ್ಯರು ತಪ್ಪು’ ಎಂಬ ವಾದಕ್ಕಿಂತ ‘ವೈದ್ಯರು ಕಾರಣ ಕೊಟ್ಟಿಲ್ಲ’ ಎಂಬ ವಾದ ಗಟ್ಟಿ. ಖಾಸಗಿ ತಜ್ಞರಿಂದ ಹೊಸದಾಗಿ ಬರೆಸಿದ ಪ್ರಮಾಣಪತ್ರಕ್ಕಿಂತ ಬೋರ್ಡಿನ ನಡಾವಳಿಯಲ್ಲಿ ಖಾಲಿ ಬಿಟ್ಟ ಕಾಲಮ್ಮು ಹೆಚ್ಚು ಬೆಲೆಬಾಳುತ್ತದೆ. ಇಂಥ ಪ್ರಕರಣಗಳು ಬಹುಮಟ್ಟಿಗೆ ತೀರ್ಮಾನವಾಗುವುದು ಅರ್ಜಿ ಮತ್ತು ದಾಖಲೆಗಳ ಮೇಲೆ. ಪೀಠದಲ್ಲಿ ಒಬ್ಬರು ನ್ಯಾಯಾಂಗದವರು, ಇನ್ನೊಬ್ಬರು ಸೇನೆಯ ಉನ್ನತ ಹುದ್ದೆಯಲ್ಲಿದ್ದವರು. ಫೀಲ್ಡ್ ಪೋಸ್ಟಿಂಗ್ ಎಂದರೇನೆಂದು ಎರಡನೆಯವರಿಗೆ ವಿವರಿಸಬೇಕಿಲ್ಲ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದರೆ ಸಾಕು.

ಕರ್ನಾಟಕದವರ ಅರ್ಜಿ ಹೋಗುವುದು ಕೊಚ್ಚಿ ಪೀಠಕ್ಕೆ. ಅದಕ್ಕೆ ಮುಂಚೆ ಇಲಾಖೆಯೊಳಗಿನ ಮೇಲ್ಮನವಿ ಮುಗಿಸಿರಬೇಕು. ಮನವಿ ಸಲ್ಲಿಸಿ ಆರು ತಿಂಗಳಾದರೂ ಉತ್ತರ ಬಾರದಿದ್ದರೆ ನೇರ ಹೋಗಬಹುದು. ಅಂತಿಮ ಆದೇಶ ಬಂದ ಮೇಲೆ ಗಡುವು ಆರು ತಿಂಗಳು, ತಡಕ್ಕೆ ಸಕಾರಣವಿದ್ದರೆ ಪೀಠ ಮನ್ನಿಸಬಹುದು. ಅರ್ಜಿಯಲ್ಲಿ ಮರೆಯಬಾರದ ಇನ್ನೊಂದು ಬೇಡಿಕೆ ಅಂಗವೈಕಲ್ಯದ ಪ್ರಮಾಣವನ್ನು ಮೇಲಕ್ಕೆ ಏರಿಸಿ ಲೆಕ್ಕ ಹಾಕುವುದು. ಶೇಕಡಾ 20ರಿಂದ 50ರ ಒಳಗಿನದನ್ನು 50 ಎಂದೇ ಎಣಿಸುವ ಈ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಉಂಟು ಎಂದು ಸುಪ್ರೀಂ ಕೋರ್ಟ್ 2014ರ ರಾಮ್ ಅವತಾರ್ ತೀರ್ಪಿನಲ್ಲಿ ಹೇಳಿತು. ಹಳೆಯ ನಿಯಮಗಳ ಲೆಕ್ಕದಲ್ಲಿ, ಪೂರ್ಣ ಅಂಗವೈಕಲ್ಯಕ್ಕೆ ಕೊನೆಯ ಸಂಬಳದ ಶೇಕಡಾ 30 ಸಿಗುತ್ತದೆ. 40,000 ರೂಪಾಯಿ ಸಂಬಳವಿದ್ದವರಿಗೆ ಶೇಕಡಾ 20ರ ಲೆಕ್ಕದಲ್ಲಿ ತಿಂಗಳಿಗೆ 2,400, ಶೇಕಡಾ 50ರ ಲೆಕ್ಕದಲ್ಲಿ 6,000, ತುಟ್ಟಿಭತ್ಯೆ ಬೇರೆ. ಎಷ್ಟೇ ವರ್ಷದಿಂದ ಹಕ್ಕಿದ್ದರೂ ತಡವಾಗಿ ಬಂದವರಿಗೆ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ ಬಾಕಿ ಮಾತ್ರ ಸಿಗುತ್ತದೆ ಎಂಬುದು 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ನಡೆದುಬಂದಿದೆ. ಹಾಗಾಗಿ ಎಲ್ಲ ಕಾಗದ ಕೈಸೇರುವವರೆಗೆ ಕಾಯುವುದಕ್ಕಿಂತ, ಬೋರ್ಡಿನ ನಡಾವಳಿ ಸಿಕ್ಕ ಕೂಡಲೇ ಅರ್ಜಿ ಹಾಕಿ, ಉಳಿದ ದಾಖಲೆಗಳನ್ನು ಹಾಜರುಪಡಿಸುವಂತೆ ರೆಕಾರ್ಡ್ ಆಫೀಸಿಗೆ ನಿರ್ದೇಶನ ಕೊಡಬೇಕೆಂದು ಅದರಲ್ಲೇ ಕೇಳುವುದು ಲೇಸು.